ಗಂಟಲು ಹೇಳಿದ್ದು

ಈ ಕ್ಷೌರಿಕನ ಕೈಚಳಕ ಎಂಥದ್ದೆಂದರೆ, ಹಾರುವ ನೊಣದ ಮೀಸೆ ತೆಗೆದರೂ ಅದು ಮನೆ ಸೇರಿ ಕನ್ನಡಿ ನೋಡುವವರೆಗೆ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಸುಳ್ಳಾದರೆ ನನ್ನ ಮೀಸೆ ಬೋಳಿಸಿ. ಮೂವತ್ತು ವರ್ಷದಲ್ಲಿ ಲಕ್ಷಾಂತರ ಗಂಟಲುಗಳು ಅವನ ಕತ್ತಿಯ ಕೆಳಗೆ ಹಾದುಹೋಗಿದ್ದವು. ಬಾಯಿ ಏನೇ ಬೊಗಳಲಿ, ನಿಜ ಹೇಳುವುದು ಗಂಟಲೇ ಎಂದು ಅವನು ಕಂಡುಕೊಂಡಿದ್ದ.

ಅಂಥವನು ಆ ದಿನ ಬೆಳಗಿನಿಂದ ಒಂದೇ ಕತ್ತಿಯನ್ನು ಏಳು ಸಲ ಮಸೆದಿದ್ದ. ಹಿಂದಿನ ಬೆಂಚಿನಲ್ಲಿ ಮಗಳು ಮೊಬೈಲು ಹಿಡಿದು ಕೂತಿದ್ದಳು. ಪಕ್ಕದ ರಾಜ್ಯದ ದೊಡ್ಡ ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಬೇಕೋ ಬೇಡವೋ, ಸಂಜೆ ಐದರೊಳಗೆ ಒತ್ತಬೇಕು. ಬೇಡವೆಂದರೆ ಊರಿನ ಕಾಲೇಜು. ಆದರೆ ಆ ರಾಜ್ಯದಲ್ಲಿ ಹೊಸ ಸರ್ಕಾರ ಬಂದಮೇಲೆ, ಎದುರು ಮಾತಾಡಿದ ವಿದ್ಯಾರ್ಥಿಗಳನ್ನು ಹಾಸ್ಟೆಲಿನಿಂದಲೇ ಎತ್ತಿಕೊಂಡು ಹೋಗುತ್ತಾರೆಂಬ ಸುದ್ದಿ. ಇವಳೋ, ಹುಟ್ಟಿದ ಗಳಿಗೆಯಲ್ಲಿ ಅಳುವ ಬದಲು "ಯಾಕೆ?" ಎಂದು ಕೇಳಿದವಳು!

"ಸುದ್ದಿ ನಂಬ್ಕೊಂಡು ಕೂತ್ರೆ ಹೊಸಿಲೂ ದಾಟೋಕಾಗಲ್ಲ, ಅಪ್ಪಾ."

"ನಾಲಿಗೆ ಇಲ್ಲೇ ಬಿಟ್ಟು ಹೋಗ್ತೀಯಾ? ಈಗ್ಲೇ ಬಸ್ ಹತ್ತಿಸ್ತೀನಿ."

"ಆಮೇಲೆ ವಕೀಲಿಕೆ ಕೈಸನ್ನೇಲಿ ಮಾಡ್ಲಾ?"

ಅಷ್ಟರಲ್ಲಿ ಆ ರಾಜ್ಯದ ಲಾರಿ ಡ್ರೈವರೊಬ್ಬ ಬಂದು ಕುರ್ಚಿಗೆ ಬಿದ್ದ. ಏನು ಗಂಟಲು! ಟೈರು, ಟೋಲು, ಭಾವಮೈದುನ, ಎಲ್ಲರನ್ನೂ ಬೈದ ರಭಸಕ್ಕೆ ಸೀಸೆಗಳು ಅಲುಗಿದವು. ಕ್ಷೌರಿಕ ನೊರೆ ಹಚ್ಚಿ, ಒಂದು ಕೆನ್ನೆ ಮುಗಿಸಿ, ಕತ್ತಿಯನ್ನು ಗಂಟಲಿಗೆ ತಂದು, ಮೆಲ್ಲಗೆ ಕೇಳಿದ.

"ನಿಮ್ಮ ಕಡೆ ಈಗ ಹೇಗಣ್ಣಾ? ಕಾಲೇಜು ಮಕ್ಕಳಿಗೆ ತೊಂದ್ರೆ ಇಲ್ಲ ತಾನೇ?"

ಮಾತು ಗಕ್ಕನೆ ನಿಂತಿತು. ಡ್ರೈವರನ ಕಣ್ಣು ಕನ್ನಡಿಯಲ್ಲೇ ಬೆಂಚು, ಬಾಗಿಲು, ಬೀದಿ ಎಲ್ಲ ತಡಕಾಡಿತು.

"ಚೆನ್ನಾಗಿದೆ. ಎಲ್ಲಾ ಚೆನ್ನಾಗಿದೆ."

ಕತ್ತಿಯಂಚಿನಲ್ಲಿ ಗಂಟಲಿನ ಗಂಟು ಬೋನಿನ ಇಲಿಯಂತೆ ಮೇಲಕ್ಕೆ ನೆಗೆದು ಕೆಳಕ್ಕೆ ಬಿತ್ತು. ಕ್ಷೌರಿಕ ಕತ್ತಿಯನ್ನು ಅರ್ಧ ಅಂಗುಲ ಹಿಂದಕ್ಕೆಳೆದ.

ಹಿಂದಿನಿಂದ ಮಗಳು ಕೇಳಿಯೇಬಿಟ್ಟಳು. "ಹಾಸ್ಟೆಲಿಂದ ಕರ್ಕೊಂಡು ಹೋದವ್ರು ವಾಪಸ್ ಬಂದ್ರಾ, ಅಂಕಲ್?"

ಡ್ರೈವರ್ ಎದ್ದ. ಅರ್ಧ ಮುಖ ನುಣ್ಣಗೆ, ಅರ್ಧ ನೊರೆ. "ನಾನೇನೂ ಹೇಳಿಲ್ಲ," ಎಂದು ಗಾಳಿಗೆ ಹೇಳಿ, ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಓಡಿದ. ಲಾರಿ ಹೊರಟ ಸದ್ದು ಕೇಳಿತು.

ಮಗಳು ಬಾಗಿಲಿನಿಂದ ಕಣ್ಣು ಕಿತ್ತು ಮೊಬೈಲು ನೋಡಿದಳು. ಮುಖ ಸುಣ್ಣದ ಗೋಡೆ. ಬೆರಳು ಎರಡು ಸಲ ಜಾರಿತು. ಮೂರನೆಯ ಸಲ 'ಬೇಡ' ಒತ್ತಿದಳು.

"ಇಲ್ಲೇ ಓದ್ತೀನಪ್ಪಾ."

ಅಪ್ಪ ಬಿಟ್ಟ ನಿಟ್ಟುಸಿರಿಗೆ ಕ್ಯಾಲೆಂಡರಿನ ಹಾಳೆಗಳು ಡಿಸೆಂಬರಿನವರೆಗೂ ಹಾರಿದವು.

ಅವು ಇಳಿಯುವ ಮುಂಚೆಯೇ ವಾರ್ಡಿನ ಮುಖಂಡ ಒಳಬಂದ. ಜೊತೆಗಿದ್ದ ಇಬ್ಬರು ಬಾಗಿಲಿಗೆ ಅಡ್ಡ ನಿಂತರು.

"ಏನಯ್ಯಾ, ಮಗಳು ಹೊರಗೆ ಹೋಗ್ತಾಳಂತೆ?"

"ಇಲ್ಲ ಯಜಮಾನ್ರೇ. ಊರಲ್ಲೇ."

"ಒಳ್ಳೇದಾಯ್ತು. ಕಾಲೇಜಲ್ಲಿ ನಮ್ಮ ಹುಡುಗರೇ ತುಂಬಿದ್ದಾರೆ, ನೋಡ್ಕೋತಾರೆ." ಅವನು ಕುರ್ಚಿಗೊರಗಿ ಕತ್ತು ಚಾಚಿ ಕಣ್ಣು ಮುಚ್ಚಿದ. "ಕೊಳಾಯಿ ನೀರಿನ ಬಗ್ಗೆ ಮೇಲಿನವರಿಗೆ ಅರ್ಜಿ ಬರೆದದ್ದು ಇವಳೇ ಅಲ್ವಾ? ನಮ್ಮೂರಲ್ಲಿ ಏನಯ್ಯಾ ಕಡಿಮೆಯಾಗಿದೆ?"

"ಚೆನ್ನಾಗಿದೆ," ಎಂದ ಕ್ಷೌರಿಕ. "ಎಲ್ಲಾ ಚೆನ್ನಾಗಿದೆ."

ಮುಖಂಡನ ಗಂಟಲು ಕತ್ತಿಯ ಕೆಳಗೆ ಕಲ್ಲಿನ ಹಾಗೆ ನಿಶ್ಚಲವಾಗಿತ್ತು. ಕ್ಷೌರಿಕ ಕನ್ನಡಿಯತ್ತ ತಲೆಯೆತ್ತಿದ. ಅಲ್ಲಿ ಇಲಿಯಂತೆ ನೆಗೆದು ಬಿದ್ದದ್ದು ಅವನದೇ ಗಂಟಲು. ಬೆಂಚಿನಲ್ಲಿದ್ದ ಮಗಳೂ ಅದನ್ನೇ ನೋಡುತ್ತಿದ್ದಳು.