ಮಲಗಿಸಬಾರದ ಹೂವು

ಆರು ಕಡ್ಡಿ ಗ್ಲಾಡಿಯೋಲಸ್ ಹೂವಿಗೆ ನೂರು ದಿನ, ಎರಡು ಚೀಲ ಗೊಬ್ಬರ, ಹೆಂಡತಿಯ ಒಂದು ಸೊಂಟ — ವ್ಯಾನಿನ ಕನ್ನಡಿಯಲ್ಲಿ ಆರೂ ತುದಿಗಳು ತಲೆದೂಗುವುದನ್ನು ನೋಡುತ್ತ ಪ್ಲಂಬರ್ ಲೆಕ್ಕ ಹಾಕುತ್ತಾನೆ, ಸೊಂಟವೇ ದುಬಾರಿಯಾಯಿತು, ಎಲ್ಲಕ್ಕಿಂತ ಎತ್ತರದ ಕಡ್ಡಿ ಗಾಳಿಗೆ ವಾಲದಿರಲೆಂದು ಕೋಲು ಕಟ್ಟಿ ಹಿಂದೆ ಸರಿಯುವಾಗ ಜಾರಿದಳಲ್ಲ, ಬಿದ್ದವಳು ಅಯ್ಯೋ ಅನ್ನುವ ಮೊದಲೇ ಕಡ್ಡಿ ಮುರೀತೇನ್ರೀ ಅಂದವಳು, ಈಗ ಮೂರು ವಾರದಿಂದ ಅಂಗಾತ ಮಲಗಿ ಸೂರಿನ ಹೆಂಚು ಎಣಿಸುತ್ತಿದ್ದಾಳೆ — ಮುಂದೆ ಹಂಪ್, ನಿಧಾನ ಮಾರಾಯ, ತುಂಬು ಬಸುರಿಯನ್ನು ಕೂರಿಸಿಕೊಂಡ ಹಾಗೆ, ಹಿಂದಿನವನು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ, ಒಂದೊಂದು ಕಡ್ಡಿಗೂ ಒಂದೊಂದು ಪೈಪ್ ತುಂಡು, ಬಾಯಿಗೆ ಹತ್ತಿ, ಅರ್ಧ ನೀರು, ಎಲ್ಲ ಒಂದೇ ಬಕೆಟ್ಟಿನಲ್ಲಿ, ಬಕೆಟ್ಟು ಸೀಟಿನ ಕಾಲಿಗೆ ಬಿಗಿದು, ಇಪ್ಪತ್ತೆಂಟು ವರ್ಷ ಪೈಪಿನ ಜತೆ ಏಗಿದವನಿಗೆ ಇಷ್ಟಾದರೂ ಬರಬೇಡವೇ.

ಹೋದ ವರ್ಷ ಕೆಡಿಸಿದ್ದೂ ಆ ಪೈಪಿನ ಬುದ್ಧಿಯೇ. ಉದ್ದದ್ದನ್ನೆಲ್ಲ ಮಲಗಿಸಿ ಸಾಗಿಸಿ ರೂಢಿಯಾದ ಕೈ ಹೂವನ್ನೂ ಮಲಗಿಸಿತು, ಒದ್ದೆ ಬಟ್ಟೆ ಹೊದಿಸಿ, ಹಿಂದಿನ ದಿನವೇ, ಜಾಣನ ಹಾಗೆ — ಹೂವಿನ ಪ್ರದರ್ಶನದ ಮಂಟಪದಲ್ಲಿ ಪೆಟ್ಟಿಗೆ ತೆಗೆದರೆ ಎಲ್ಲ ತುದಿಗಳೂ ಆಕಾಶ ಹುಡುಕಿಕೊಂಡು ಮೇಲಕ್ಕೆ ಬಾಗಿವೆ, ಸ್ಪರ್ಧೆಗೆ ಹೆಸರು ಬರೆದುಕೊಳ್ಳುವ ಮೇಜಿನ ಹಿಂದಿನಿಂದ ಗುಲಾಬಿ ಬೆಳೆಯುವ ಮೇಷ್ಟ್ರು ಏನಯ್ಯಾ, ಹೂವಿಗೂ ಪೈಪ್ ಬಗ್ಸೋ ಎಲ್ಬೋ ಹಾಕ್ಬಿಟ್ಟಿದೀಯಲ್ಲ ಅಂದದ್ದೇ ಮಂಟಪವೆಲ್ಲ ನಗು, ಜತೆಗೆ ಬಂದಿದ್ದ ಹೆಂಡತಿ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ, ಬಾಗಿದ ಕಡೆ ಬೆರಳಾಡಿಸಿ ಮಲಗ್ಸಿದ್ರೆ ಮಲಗಿರ್ತಾವಾ ಪಾಪ, ತಲೆ ಎತ್ತಿ ನೋಡ್ತಾವೆ ಕಣ್ರೀ ಅಂದಳು. ಅದಕ್ಕೇ ಈ ಸಲ ನಿಲ್ಲಿಸಿ, ಅದಕ್ಕೇ ಬೆಳಿಗ್ಗೆ ಹಿತ್ತಲಿಂದ ಸೀದಾ ವ್ಯಾನಿಗೆ, ಅವಳ ಕೋಣೆಯ ಗಿಡ್ಡ ಬಾಗಿಲಿಗೆ ತಗಲೀತೆಂದು ಒಳಗೆ ಒಯ್ಯಲೇ ಇಲ್ಲ. ಒಳಗಿಂದ ರೀ, ಅರಳಿದ್ವಾ? ಕೆಳಗಿನ ಐದೈದು ಅರಳಿವೆ ಕಣೇ, ಫೋಟೋ ತಂದು ತೋರಿಸ್ತೀನಿ. ಫೋಟೋ ನಿಮ್ಮ ತಲೆ! ವ್ಯಾನು ತಿರುಗಿಸುವಾಗ ಕಿಟಕಿಯಲ್ಲಿ ಕಂಡಿತು — ದಿಂಬಿನಿಂದ ಅವಳ ತಲೆ ಮೇಲೆದ್ದಿದೆ, ಕತ್ತಿನ ನರ ಬಿಗಿದಿದೆ, ಡಾಕ್ಟರು ಏಳಕೂಡದು ಅಂದಿದ್ದಾರೆ, ಏನೂ ಕಾಣಿಸದೆ ಮತ್ತೆ ದಿಂಬಿಗೆ ಬಿತ್ತು. ಅವನು ಗೇರು ಹಾಕಿದ್ದ.

ಮಂಟಪ, ಮೇಜು, ಅದೇ ಮೇಷ್ಟ್ರು, ಕನ್ನಡಕ ಹಣೆಗೇರಿಸಿ ಭೇಷ್, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿವೆಯಲ್ಲೋ, ಐದು ಇಡು, ಆ ಎತ್ತರದ್ದು ಮಧ್ಯಕ್ಕೆ, ಇವತ್ತು ನಿನ್ನನ್ನ ಮೀರಿಸೋರಿಲ್ಲ. ಒಂದಾದರೂ ಮುರಿದೀತೆಂದು ಆರು ತಂದದ್ದು, ಒಂದೂ ಮುರಿದಿಲ್ಲ, ಎತ್ತರದ್ದಕ್ಕೆ ಅವಳು ಕೋಲಿಗೆ ಕಟ್ಟಿದ್ದ ದಾರದ ಗುರುತು ಇನ್ನೂ ಇದೆ, ಮೂರು ದಿನ ಇಲ್ಲೇ ಇರಬೇಕಂತೆ, ಅಷ್ಟರಲ್ಲಿ ಕೆಳಗಿನ ಹೂವೆಲ್ಲ ಮುದುಡುತ್ತವೆ, ಊರೆಲ್ಲ ನೋಡಿರುತ್ತದೆ, ಅವಳೊಬ್ಬಳನ್ನು ಬಿಟ್ಟು — ಕೈ ಗಿಡ್ಡನೆಯ ಕಡ್ಡಿಗಳನ್ನೇ ಒಂದೊಂದಾಗಿ ಎತ್ತಿ ಇಡುತ್ತಿದೆ, ಐದು. ಲೋ, ತಲೆ ನೆಟ್ಟಗಿದೆಯಾ, ಅದನ್ನ್ಯಾಕೆ ವಾಪಸ್ ಒಯ್ತೀಯ? ಇದು ಮನೇದು ಸಾರ್. ಮತ್ತೆ ಹಂಪ್, ಮತ್ತೆ ನಿಧಾನ, ಒಂದೇ ಕಡ್ಡಿಯಾದರೆ ಕೊಂಚ ವಾಲಿಸಿ ಆ ಬಾಗಿಲು ದಾಟಿಸಬಹುದು, ಬೆಳಿಗ್ಗೆ ಯಾಕೆ ಹೊಳೆಯಲಿಲ್ಲ, ಬಹುಮಾನ ಹೋಯಿತು, ಹೋಗಲಿ, ಒಂದು ಕಡ್ಡಿ ಉಳಿಯಿತು, ನೆಟ್ಟಗಿದೆ, ಕನ್ನಡಿಯಲ್ಲಿ ಅದರ ತುದಿ, ತುದಿಯ ಹಿಂದೆ ರಸ್ತೆ, ರಸ್ತೆಯ ಬದಲು ದಿಂಬು, ದಿಂಬಿನಿಂದ ಮೇಲೇಳುತ್ತಿರುವ ಆ ತಲೆ.