ಜಜ್ಜಿದ ಕೈಕೋಳ

ನಾನು ಒಂದು ಕೈಕೋಳ. ಉಕ್ಕಿನ ಎರಡು ಬಳೆ, ನಡುವೆ ಗಿಡ್ಡ ಸರಪಳಿ. ಕಾರ್ಖಾನೆಯಿಂದ ಹೊರಬಿದ್ದಾಗ ಥಳಥಳ ಹೊಳೆಯುತ್ತಿದ್ದೆ. ಕಲಬುರಗಿ ಸೀಮೆಯ ಒಂದು ಠಾಣೆಗೆ ಬಂದ ಕೆಲವೇ ದಿನಗಳಲ್ಲಿ ಬೆವರಿನ, ಗುಟ್ಕಾದ ನಾತ ಅಂಟಿಕೊಂಡಿತು. ಮೊದಲು ನನ್ನನ್ನು ತೊಡಿಸಿದ್ದು ಮೇಕೆ ಕದ್ದ ಮುದುಕನಿಗೆ. ಕಡ್ಡಿಯಂಥ ಆ ಕೈಯನ್ನೂ ಚರ್ಮ ಸುಲಿಯುವಷ್ಟು ಬಿಗಿದರು. ಅಂದೇ ನನಗೆ ಈ ಬಾಳು ಹೇಸಿಗೆಯಾಯಿತು.

ಆಮೇಲೆ ಹೆಡ್ ಕಾನ್‌ಸ್ಟೆಬಲ್ ಮಾಣಿಕಪ್ಪನ ಸೊಂಟ ಸೇರಿದೆ. ಗುರುಬಾಯಿ ಎಂಬ ಹೆಂಗಸು ಆಗ ಠಾಣೆಗೆ ಅಲೆಯುತ್ತಿದ್ದಳು. ಅವಳ ಮಗಳನ್ನು ಅಳಿಯ ದಿಗಂಬರ ಬಾವಿಗೆ ನೂಕಿ ಕೊಂದು ಗಡಿ ದಾಟಿದ್ದ. ಕೋರ್ಟು ಜಾಮೀನಿಲ್ಲದ ವಾರಂಟು ಹೊರಡಿಸಿದರೂ ಠಾಣೆಯವರು ಆರೋಪಿ ಸಿಕ್ಕಿಲ್ಲವೆಂದೇ ಬರೆದು ಕಳಿಸುತ್ತಿದ್ದರು. ಕೊನೆಗೆ ಅವಳೇ ಪತ್ತೆ ಹಚ್ಚಿದಳು.

"ಮಹಾರಾಷ್ಟ್ರದಾಗ ಖಾನಾವಳಿ ಇಟ್ಟಾನ್ರಿ. ನಾ ಕಣ್ಣಾರೆ ನೋಡೀನಿ."

"ಅದು ಬ್ಯಾರೆ ರಾಜ್ಯಬೇ. ಹಂಗೇ ಹೋಗಿ ಹಿಡಕೊಂಡು ಬರಾಕ ಆಗಂಗಿಲ್ಲ," ಎಂದ ಮಾಣಿಕಪ್ಪ.

ನ್ಯಾಯಾಧೀಶರು ಗದರಿದ ಮೇಲೆ ಇಬ್ಬರು ಪೇದೆಗಳೊಂದಿಗೆ ಹೊರಟ. ಅಲ್ಲಿನ ಠಾಣೆಗೆ ವಾರಂಟು ತೋರಿಸಿ, ಅವರ ಪೊಲೀಸರ ಜೊತೆ ಹೋಗಿ ದಿಗಂಬರನನ್ನು ಹಿಡಿದರು. ಅಲ್ಲಿನ ಮ್ಯಾಜಿಸ್ಟ್ರೇಟರು ಕಾಗದ ಓದಿ, ಅವನನ್ನು ನಮ್ಮ ಕೋರ್ಟಿಗೆ ಒಯ್ಯಲು ಅಪ್ಪಣೆ ಕೊಟ್ಟರು. ಒಮ್ಮೆ ಓಡಿಹೋದವನೆಂದು ಕೋಳ ತೊಡಿಸಲೂ ಒಪ್ಪಿದರು. ಅವನ ಕೈಗೆ ಅತ್ತರಿನ ವಾಸನೆಯಿತ್ತು. ನೂಕಿದ್ದು ಇದೇ ಕೈ.

ಗಡಿ ದಾಟಿ ಈಚೆ ಬಂದವರು ಮಧ್ಯಾಹ್ನ ಒಂದು ಧಾಬಾದಲ್ಲಿ ನಿಂತರು. ದಿಗಂಬರನೇ ಎಲ್ಲರಿಗೂ ಮಟನ್ ಹೇಳಿದ.

"ಸಾಹೇಬ್ರ, ಇದನ್ನ ಹಾಕ್ಕೊಂಡು ಉಣ್ಣೂದು ಹ್ಯಾಂಗ್ರಿ? ನಾ ಎಲ್ಲಿ ಓಡಿ ಹೋಗ್ಲಿ?"

ಮಾಣಿಕಪ್ಪ ಎಲುಬು ಚೀಪುತ್ತಲೇ ನನ್ನ ಕೀಲಿ ತಿರುಗಿಸಿದ. ಉಂಡು ಕೈ ತೊಳೆಯಲು ಎದ್ದ ದಿಗಂಬರ ಹಿಂದಿನ ಕಬ್ಬಿನ ಹೊಲ ಹೊಕ್ಕು ಮಾಯವಾದ.

ಹುಡುಕಿ ಸೋತ ಮಾಣಿಕಪ್ಪ ನನ್ನನ್ನು ಬಂಡೆಯ ಮೇಲಿಟ್ಟು ಕಲ್ಲಿನಿಂದ ಜಜ್ಜಿದ. ಅವನ ಬೆರಳಲ್ಲಿನ್ನೂ ಮಟನ್ನಿನ ಜಿಡ್ಡಿತ್ತು. "ಕೋಳ ಮುರಕೊಂಡು ಓಡ್ಯಾನ ಅಂತ ಹೇಳ್ರಿ, ತಿಳೀತಿಲ್ಲ?" ಎಂದು ಪೇದೆಗಳಿಗೆ ಕಣ್ಣು ಬಿಟ್ಟ.

ಮತ್ತೆ ವಾರಂಟು ಬಂತು. ಈ ಸಲ ಬೇರೆ ಪೊಲೀಸರು ಹೊರಟರು. ಗುರುಬಾಯಿ ಬುತ್ತಿ ಕಟ್ಟಿಕೊಂಡು ಜೀಪು ಹತ್ತಿಬಿಟ್ಟಳು. "ನಾನೂ ಬರ್ತೀನಿ. ಊಟಕ್ಕ ಎಲ್ಲಿ ನಿಲ್ಲಸ್ತೀರಿ ನೋಡ್ತೀನಿ," ಎಂದಳಂತೆ. ದಿಗಂಬರನನ್ನು ಹಿಡಿದು ತರುವಾಗ ಜೀಪು ಎಲ್ಲಿಯೂ ನಿಲ್ಲಲಿಲ್ಲವಂತೆ.

ವಿಚಾರಣೆಯಲ್ಲಿ ನನ್ನನ್ನು ಮೇಜಿನ ಮೇಲಿಟ್ಟರು. ಆರೋಪಿಯೇ ಮುರಿದನೆಂದು ಮಾಣಿಕಪ್ಪ ಪ್ರಮಾಣ ಮಾಡಿ ಹೇಳಿದ.

"ನಾ ಮುರದಿಲ್ರಿ," ಎಂದ ದಿಗಂಬರ. "ಇವ್ರ ಬಿಚ್ಚಿ ಕೊಟ್ರು. ಕೂಡಿ ಉಂಡಿವಿ."

ಕೋರ್ಟಿನಲ್ಲಿ ನಗು ಎದ್ದಿತು. ಗುರುಬಾಯಿ ನಗಲಿಲ್ಲ. ಮಾಣಿಕಪ್ಪನನ್ನು ದಿಟ್ಟಿಸಿ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಕೊಲೆಗಾಗಿ ದಿಗಂಬರನಿಗೆ ಜೀವಾವಧಿ ಆಯಿತು. ನನ್ನನ್ನು ಮುರಿದದ್ದಕ್ಕೂ ಅವನಿಗೇ ಶಿಕ್ಷೆ. ಮಾಣಿಕಪ್ಪ ಹಾರ ಹಾಕಿಸಿಕೊಂಡು ನಿವೃತ್ತನಾದ. ನಾನು ಠಾಣೆಯ ಹಳೆ ಸಾಮಾನಿನ ಕೋಣೆಯಲ್ಲಿ ಇಲಿ ಹಿಕ್ಕೆಗಳ ನಡುವೆ ತುಕ್ಕು ಹಿಡಿಯುತ್ತಿದ್ದೇನೆ. ದಿಗಂಬರ ಜೈಲಿನೊಳಗಿದ್ದಾನೆ, ಅಷ್ಟು ಸಮಾಧಾನ. ಆದರೆ ನನ್ನ ಬಗ್ಗೆ ಆ ಕೋರ್ಟಿನಲ್ಲಿ ಕೇಳಿಬಂದ ಒಂದೇ ಒಂದು ನಿಜ ಆ ಕೊಲೆಗಾರನ ಬಾಯಿಂದಲೇ ಬರಬೇಕಾಯಿತಲ್ಲ, ಥೂ!