ಮಲಗಿಸಿಟ್ಟ ಫಲಕ

ಲೋಟದ ಮೇಲಿನ ಕಾಗದದ ಮುಚ್ಚಳ ಓರೆಯಾಗಿದೆ, ಸರಿಮಾಡಲು ಹೋದರೆ ಇನ್ನೂ ಓರೆಯಾಗುತ್ತದೆ, ಬಿಡು, ಇದನ್ನೂ ಒಂದು ಉಪಸಮಿತಿಗೆ ಒಪ್ಪಿಸಿದರಾಯಿತು — ನನ್ನ ತಮಾಷೆಗೆ ನಾನೇ ನಗುತ್ತಿಲ್ಲ. ಅಧ್ಯಕ್ಷರು ದೇಶದೇಶಗಳ ಒಪ್ಪಂದದ ಕರಡು ಓದುತ್ತಿದ್ದಾರೆ, ಕನ್ನಡಕ ಮೂಗಿನ ತುದಿಯಲ್ಲಿ, ಒಂದೊಂದು ಪ್ಯಾರಾ ಮುಗಿದಾಗಲೂ ತಲೆಯೆತ್ತಿ, ಆಕ್ಷೇಪವಿದೆಯೇ, ಇಲ್ಲ, ಅಂಗೀಕಾರವಾಯಿತು, ಟಕ್ ಎಂದು ಮರದ ಸುತ್ತಿಗೆ. ನದಿಗಳ ಪ್ಯಾರಾ ಕೊನೆಯದು. ಇನ್ನೂ ಸ್ವಲ್ಪ ಹೊತ್ತಿದೆ. ನನ್ನ ಮುಂದೆ ಎರಡು ಫಲಕ, ಒಂದರ ಮೇಲೆ ನಮ್ಮ ಹನ್ನೊಂದು ಸಣ್ಣ ದೇಶಗಳ ಒಕ್ಕೂಟದ ಹೆಸರು, ಇನ್ನೊಂದರ ಮೇಲೆ ನನ್ನ ದೇಶದ್ದು, ಈ ವರ್ಷ ಒಕ್ಕೂಟದ ಪರವಾಗಿ ಮಾತಾಡುವ ಸರದಿ ನಮ್ಮದು, ಹಾಗಾಗಿ ಒಂದೇ ಕುರ್ಚಿ, ಒಂದೇ ಬಾಯಿ, ಎರಡು ಹೆಸರು. ಮಾತಾಡಬೇಕೆನ್ನುವವರು ಮಲಗಿಸಿಟ್ಟ ಫಲಕವನ್ನು ಎತ್ತಿ ನಿಲ್ಲಿಸಬೇಕು, ಇಲ್ಲಿನ ಪದ್ಧತಿ ಅಷ್ಟೇ, ಕೂಗಾಟವಿಲ್ಲ, ಕೈಯೆತ್ತುವುದೂ ಇಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಪಟ್ಟಿ, ಮಗು ಕೂಡ ಎತ್ತಬಲ್ಲದು. ಎರಡೂ ಮಲಗಿವೆ.

ಬರೀ ಒಂದು ಸಾಲು, ಅಣೆಕಟ್ಟಿನ ಗೇಟು ತೆರೆಯುವ ಮೊದಲು ಮೇಲಿನ ದೇಶ ಕೆಳಗಿನ ದೇಶಕ್ಕೆ ತಿಳಿಸಬೇಕು, ಇಷ್ಟೇ. ಅಕ್ಕ ಫೋನಿನಲ್ಲಿ, ಅದನ್ನ ಬರೆಸ್ತೀಯಲ್ವೇನೇ, ಅದೊಂದು ಸಾಲು, ನಂಗೆ ಬೇರೇನೂ ಬೇಡ ಕಣೇ. ಹೂಂ ಅಂದಿದ್ದೆ, ಎಷ್ಟು ಸಲೀಸಾಗಿ ಹೂಂ ಅಂದಿದ್ದೆ. ಅಕ್ಕನ ಊರಿನಲ್ಲಿ ಅವತ್ತು ಮೋಡವೇ ಇರಲಿಲ್ಲ, ಹಗ್ಗದ ಮೇಲೆ ಬಟ್ಟೆ ಗರಿಗರಿಯಾಗಿ ಒಣಗುತ್ತಿತ್ತಂತೆ, ಮಳೆ ಸುರಿದದ್ದು ಗಡಿಯಾಚೆ, ಮೇಲೆ, ಅಲ್ಲಿ ಗೇಟು ತೆರೆದರು, ಇಲ್ಲಿ ಯಾರಿಗೂ ಗೊತ್ತಿಲ್ಲ, ನದಿ ಬಿಸಿಲಿನಲ್ಲೇ ಬಂತು. ಭಾವ ದೋಣಿಗಳ ಇಂಜಿನ್ನು ರಿಪೇರಿ ಮಾಡುವವರು, ದಡದಲ್ಲೇ ಶೆಡ್ಡು, ನೀರು ಕಂಡವರೇ ಮನೆಯ ಕಡೆ ಓಡಬಾರದೇ, ಶೆಡ್ಡಿನ ಕಡೆ ಓಡಿದರು, ಗಿರಾಕಿಯ ಇಂಜಿನ್ನು ನೆಲದ ಮೇಲೇ ಇಟ್ಟಿದ್ದೆ, ಪರರ ಸ್ವತ್ತು, ಈಗ ಬಂದೆ ಇರು ಅಂದರಂತೆ. ನೀರಿಳಿದ ಮೇಲೆ ನಾನೇ ಹೋಗಿ ನೋಡಿದೆ. ತೊಲೆಗೆ ಕಟ್ಟಿದ ಸರಪಳಿಯಲ್ಲಿ ಇಂಜಿನ್ನು ತೂಗುತ್ತಿತ್ತು, ಒಳಗೆ ಒಂದು ಹನಿ ನೀರು ಹೋಗಿರಲಿಲ್ಲ, ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು, ಒಂದು ಸುತ್ತು ಅತ್ತ, ಒಂದು ಸುತ್ತು ಇತ್ತ. ಅದನ್ನು ಎತ್ತಿ ಕಟ್ಟಿದ ಭಾವ ಸೇತುವೆಯ ಕೆಳಗೆ ಸಿಕ್ಕರು. ಆಮೇಲೆ ಗಿರಾಕಿ ಬಂದು ತಲೆ ತಗ್ಗಿಸಿಕೊಂಡು ಇಂಜಿನ್ನು ಒಯ್ದ, ಒಂದೇ ಎಳೆತಕ್ಕೆ ಸ್ಟಾರ್ಟ್ ಆಯ್ತು ಕಣೇ, ಅಂತ ಅಕ್ಕ ಎಲ್ಲರಿಗೂ ಹೇಳುತ್ತಾಳೆ, ಹೆಮ್ಮೆಯೋ ಹೊಟ್ಟೆಯುರಿಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಟಕ್. ಇನ್ನೊಂದು ಪ್ಯಾರಾ. ಪಕ್ಕದ ಕುರ್ಚಿಯವರು ಪೆನ್ನಿನ ಕ್ಯಾಪು ಹಾಕಿ ತೆಗೆದು ಹಾಕಿ ತೆಗೆದು — ಇವರೇ ಮೇಲಿನ ದೇಶದವರು, ನದಿ ಇವರಲ್ಲಿ ಹುಟ್ಟುತ್ತದೆ, ಹಾಗಾಗಿ ಒಕ್ಕೂಟದಲ್ಲಿ ಎಲ್ಲರೂ ಇವರನ್ನು ಮೇಲ್ಮನೆ ಅನ್ನುತ್ತೇವೆ, ನನ್ನನ್ನು ಇವರು ಅಕ್ಕ ಅನ್ನುತ್ತಾರೆ. ಒಳ್ಳೆಯ ಮನುಷ್ಯ, ಅದೇ ಕಷ್ಟ. ಭಾವನ ಸುದ್ದಿ ಕೇಳಿ ಫೋನಿನಲ್ಲೇ ಅತ್ತವರು. ನಿನ್ನೆ ಒಕ್ಕೂಟದ ಒಳಸಭೆಯಲ್ಲಿ, ಆ ಕಿಟಕಿಯಿಲ್ಲದ ಕೋಣೆಯಲ್ಲಿ, ಅದೇ ಮನುಷ್ಯ ತಣ್ಣನೆ ದನಿಯಲ್ಲಿ, ಈ ಸಾಲು ಬೇಡಕ್ಕಾ, ಮಳೆ ಬಿದ್ದಾಗ ಗೇಟು ತೆರೆಯೋಕೆ ನಮಗೇ ಪುರಸೊತ್ತಿರಲ್ಲ, ಹೇಳ್ತೀವಿ ಅಂತ ಬರ್ಕೊಟ್ಟು ಹೇಳ್ದೆ ಇದ್ರೆ ಊರಲ್ಲಿ ನಮ್ಮ ಸರ್ಕಾರ ಉಳಿಯಲ್ಲ, ಒಕ್ಕೂಟ ಬಿಟ್ಟು ಬನ್ನಿ ಅಂತಾರೆ. ನಮ್ಮಲ್ಲೊಂದು ನೇಮ, ಕೋಣೆಯೊಳಗೆ ಎಷ್ಟು ಬೇಕಾದರೂ ಕಿತ್ತಾಡಬಹುದು, ಆದರೆ ಹನ್ನೊಂದರಲ್ಲಿ ಒಬ್ಬರು ಬೇಡ ಎಂದರೂ ಆ ಸಾಲು ಬಾಗಿಲು ದಾಟುವುದಿಲ್ಲ, ಹೊರಗೆ ಒಂದೇ ಬಾಯಿ. ಸಾಲು ಬಾಗಿಲು ದಾಟಲಿಲ್ಲ. ನಮ್ಮ ಮಂತ್ರಿಗಳಿಗೆ ಫೋನು ಮಾಡಿದೆ, ಮೇಡಂ ನಿಮ್ಮ ಮನೆ ದುಃಖ ನಮಗೆ ಗೊತ್ತಿಲ್ವಾ, ಆದ್ರೆ ಮೊದಲು ಒಪ್ಪಂದ ಆಗ್ಲಿ, ಕೆರೆ ತುಂಬ್ಲಿ, ತೂಬಿನ ಮಾತು ಆಮೇಲೆ. ತಪ್ಪು ಅನ್ನಲಾರೆ, ಅದೇ ಸಂಕಟ. ಈ ಸಭೆ ಸತ್ತೇ ಹೋಗಿತ್ತು, ದೊಡ್ಡ ದೇಶಗಳು ಮುನಿಸಿಕೊಂಡು ಎದ್ದುಹೋಗಿ ಎಷ್ಟು ವರ್ಷ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ಬಡವಾಗಿದ್ದು ನಾವು, ಒಬ್ಬೊಬ್ಬರೇ ಹೋಗಿ ಬಾಗಿಲು ಬಡಿದರೆ ಯಾರು ತೆಗೆಯುತ್ತಾರೆ. ಹನ್ನೊಂದು ಜನ ಒಟ್ಟಿಗೆ ನಿಂತೆವು, ನಮ್ಮನ್ನು ನೋಡಿ ಇನ್ನೊಂದು ದಿಕ್ಕಿನ ಒಕ್ಕೂಟ, ಆಮೇಲೆ ಮತ್ತೊಂದು, ಕೊನೆಗೆ ದೊಡ್ಡವರಿಗೂ ಹೊರಗುಳಿಯಲು ನಾಚಿಕೆಯಾಗಿ ಬಂದು ಕೂತರು. ಹನಿಹನಿ ಗೂಡಿದರೆ ಹಳ್ಳ ಅಂತ ಮೊದಲ ದಿನ ಭಾಷಣ ಬಿಗಿದವಳು ನಾನೇ, ಎಲ್ಲರೂ ಚಪ್ಪಾಳೆ ತಟ್ಟಿದರು, ಹಳ್ಳ ಯಾರ ಮನೆಗೆ ನುಗ್ಗುತ್ತದೆ ಅಂತ ಗಾದೆಯಲ್ಲಿ ಇಲ್ಲ.

ಈಗ ಕೊನೆಯ ಪ್ಯಾರಾ, ಓದುತ್ತಿದ್ದಾರೆ, ಎಲ್ಲ ನದಿ ಎಲ್ಲ ಕರಾವಳಿಗಳಿಗೂ ಎಚ್ಚರಿಕೆಯ ಸೈರನ್ ಕಂಬಗಳು, ಖರ್ಚು ಎಲ್ಲರೂ ಸೇರಿ — ಎದುರು ಸಾಲಿನಲ್ಲಿ ದ್ವೀಪದ ಹುಡುಗಿ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ, ನಮ್ಮ ಒಕ್ಕೂಟದವಳೇ, ಎಲ್ಲರಿಗಿಂತ ಚಿಕ್ಕವಳು, ಚಿಕ್ಕ ದೇಶ. ಅವಳ ದ್ವೀಪದಲ್ಲಿ ಸೈರನ್ ಕೂಗುತ್ತದೆ, ಸಮುದ್ರದ ಗಾಳಿಯನ್ನು ಉಪಗ್ರಹ ನೋಡಿ ಹೇಳುತ್ತದೆ, ಯಾರ ಬಾಯಿಯೂ ಬೇಕಿಲ್ಲ. ಅಕ್ಕನ ಮನೆಯೆದುರೂ ಕಂಬ ಬರುತ್ತದೆ, ಹೊಸ ಬಣ್ಣದ ಕಂಬ, ಮೇಲ್ಮನೆಯವರು ಹೇಳಿದರೆ ಕೂಗುತ್ತದೆ, ಹೇಳದಿದ್ದರೆ ಕಾಗೆ ಕೂರಲು ಚೆನ್ನಾಗಿರುತ್ತದೆ. ನನ್ನ ದೇಶದ ಫಲಕ ಎತ್ತಲೇ, ಎತ್ತಿದರೆ ಇಷ್ಟು ಹೊತ್ತು ಒಕ್ಕೂಟದ ಪರವಾಗಿ ಒಪ್ಪುತ್ತ ಬಂದ ಬಾಯಿಯೇ ಒಪ್ಪುವುದಿಲ್ಲ ಅಂದ ಹಾಗೆ, ಮೇಲ್ಮನೆಯವರು ಎದ್ದು ಹೋಗುತ್ತಾರೆ, ಹನ್ನೊಂದು ಒಡೆಯುತ್ತದೆ, ನೆಪಕ್ಕೆ ಕಾಯುತ್ತಿರುವ ದೊಡ್ಡವರು ಕೋಟು ಹಾಕಿಕೊಳ್ಳುತ್ತಾರೆ, ಆ ಹುಡುಗಿಯ ದ್ವೀಪಕ್ಕೂ ಕಂಬವಿಲ್ಲ. ಎತ್ತದಿದ್ದರೆ ಅಕ್ಕನಿಗೆ ಯಾವ ಮುಖ ತೋರಿಸಲಿ. ಅತ್ತ ದರಿ ಇತ್ತ ಪುಲಿ, ನಡುವೆ ಮೆತ್ತನೆಯ ಕುರ್ಚಿ. ಬೆರಳು ಫಲಕದ ಅಂಚಿಗೆ ಹೋಗಿದೆ, ಯಾವಾಗ ಹೋಯಿತು, ಅಂಚು ಮೇಜಿನಿಂದ ಮೇಲೆದ್ದಿದೆ, ಒಂದು ಕೂದಲೆಳೆಯಷ್ಟು. ಅಕ್ಕಾ, ಪಿಸುಮಾತು, ಮೇಲ್ಮನೆಯವರ ಕೈ ನನ್ನ ಕೈಮೇಲೆ, ಒತ್ತುತ್ತಿಲ್ಲ, ತಡೆಯುತ್ತಿಲ್ಲ, ಹೂವಿನಷ್ಟು ಹಗುರ, ಮುಂದಿನ ವರ್ಷ ನಾನೇ ತರ್ತೀನಕ್ಕಾ ಆ ಸಾಲು, ಆಣೆ. ಮುಂದಿನ ವರ್ಷದ ಮಳೆ ಮುಂದಿನ ವರ್ಷದ ಸಭೆಗಿಂತ ಮೊದಲು ಬರುತ್ತದಲ್ಲ ಮಾರಾಯರೇ. ಆಕ್ಷೇಪವಿದೆಯೇ — ಅಧ್ಯಕ್ಷರು ತಲೆಯೆತ್ತಿದರು, ನೇರ ನನ್ನನ್ನೇ ನೋಡಿದರೋ, ನನಗೆ ಹಾಗನಿಸಿತೋ, ಹತ್ತು ಜೊತೆ ಕಣ್ಣು ನನ್ನ ಬೆರಳಿನ ಮೇಲೆ, ಯಾರೂ ಹಿಡಿದಿಲ್ಲ ನನ್ನನ್ನು, ಯಾರಾದರೂ ಹಿಡಿದಿದ್ದರೆ ಕೊಸರಬಹುದಿತ್ತು. ಫಲಕದ ಅಂಚು ಮತ್ತೆ ಮೇಜಿಗೆ ತಾಗಿದೆ. ಇಲ್ಲ. ಅಂಗೀಕಾರ. ಟಕ್.

ಎಲ್ಲರೂ ಎದ್ದು ನಿಂತಿದ್ದಾರೆ, ನಾನೂ ನಿಂತಿದ್ದೇನೆ, ಚಪ್ಪಾಳೆ, ನನ್ನ ಕೈಗಳೂ ತಟ್ಟುತ್ತಿವೆ, ನನಗೇ ಕಾಣುತ್ತಿದೆ, ದೊಡ್ಡ ದೇಶದವರೊಬ್ಬರು ಬಾಗಿ ಕೈಕುಲುಕಿ, ನಿಮ್ಮ ಒಗ್ಗಟ್ಟು ಈ ಸಭೆಗೆ ಮತ್ತೆ ಜೀವ ಕೊಟ್ಟಿತು, ಹುಡುಗಿ ಓಡಿಬಂದು ತಬ್ಬಿಕೊಂಡಳು, ಥ್ಯಾಂಕ್ಸ್ ಮೇಡಂ, ಅಮ್ಮ ಟಿವಿ ನೋಡ್ತಿದಾರೆ. ಮೇಜಿನ ಮೇಲೆ ಫೋನು ಬೆಳಗುತ್ತದೆ, ಅಕ್ಕನ ಮೆಸೇಜು, ಅವಳೂ ಟಿವಿ ನೋಡುತ್ತಿದ್ದಾಳೆ, ನೀನು ಕಾಣಿಸ್ದೆ ಕಣೇ, ಎಲ್ರೂ ಚಪ್ಪಾಳೆ ಹೊಡೀತಿದಾರೆ, ಆಯ್ತು ಅಲ್ವಾ, ನಮ್ಮ ಸಾಲು? ಕಣ್ತುಂಬ ನೀರು, ಅತ್ತರೆ ಸಂತೋಷ ಅಂದುಕೊಳ್ಳುತ್ತಾರೆ, ಆಗಲೇ ಅಂದುಕೊಂಡಿದ್ದಾರೆ, ಕ್ಯಾಮೆರಾ ಹತ್ತಿರ ಬರುತ್ತಿದೆ, ಅಕ್ಕನ ಮನೆಯ ಟಿವಿಯಲ್ಲಿ ನನ್ನ ಮುಖ ದೊಡ್ಡದಾಗುತ್ತಿದೆ, ಏನು ಬರೆಯಲಿ, ಆಯಿತು ಅನ್ನಲೇ, ಇಲ್ಲ ಅನ್ನಲೇ, ಬೆರಳು ಗಾಜಿನ ಮೇಲೆ, ಅಕ್ಕಾ — ಅಕ್ಕಾ ಎಲ್ಲರೂ ಉಳಿದರು ಕಣೇ, ಎಲ್ಲರದೂ ಉಳಿಯಿತು, ಪರರ ಸ್ವತ್ತು, ಒಂದು ಹನಿ ಒಳಗೆ ಹೋಗಲಿಲ್ಲ, ಸರಪಳಿ, ತೊಲೆ, ಇಂಜಿನ್ನು ತಿರುಗುತ್ತಿದೆ, ಒಂದು ಸುತ್ತು ಅತ್ತ, ಒಂದು ಸುತ್ತು ಇತ್ತ, ಒಂದು ಸುತ್ತು ಅತ್ತ —